2008ರ ಡೆಲಿಗೇಟ್ ಲೆಕ್ಕ: ನೆವಾಡಾದಲ್ಲಿ ನಮ್ಮ ಪಟ್ಟಿ ಏಕೆ ತಪ್ಪುತ್ತಿದೆ?

ಸಪ್ತಾಪುರದ ಅಧ್ಯಾಪಕಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಒಂದು ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಅಮೆರಿಕದ ಪಕ್ಷಗಳು ತಮ್ಮ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವ ಬಗೆ ನಮ್ಮ ಪಾಠದಲ್ಲಿ ಎರಡು ಪುಟಗಳಲ್ಲಿ ಮುಗಿದುಹೋಗುತ್ತದೆ. ಪ್ರೈಮರಿ (ಮತಗಟ್ಟೆಗೆ ಹೋಗಿ ಮತ ಹಾಕುವುದು) ಎಂದರೇನು, ಕಾಕಸ್ (ಪಕ್ಷದವರು ಊರೂರಲ್ಲಿ ಸಭೆ ಸೇರಿ ಆರಿಸುವುದು) ಎಂದರೇನು ಎಂದು ವ್ಯಾಖ್ಯೆ ಬರೆದು ವಿದ್ಯಾರ್ಥಿಗಳು ಅಂಕ ಪಡೆಯುತ್ತಾರೆ, ಆದರೆ ಒಂದು ರಾಜ್ಯದಲ್ಲಿ ಜನ ಹಾಕಿದ ಮತ ಯಾವ ದಾರಿಯಲ್ಲಿ ಡೆಲಿಗೇಟ್ (ಪಕ್ಷದ ರಾಷ್ಟ್ರೀಯ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿ) ಆಗಿ ಬದಲಾಗುತ್ತದೆ ಎಂಬುದು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ಈ ವರ್ಷ ಆರು ವಿದ್ಯಾರ್ಥಿಗಳ ತಂಡಕ್ಕೆ 2008ರ ಡೆಮಾಕ್ರಟಿಕ್ ಪಕ್ಷದ ಸ್ಪರ್ಧೆಯನ್ನು, ಅಂದರೆ ಬರಾಕ್ ಒಬಾಮ ಮತ್ತು ಹಿಲರಿ ಕ್ಲಿಂಟನ್ ನಡುವೆ ಜನವರಿಯಿಂದ ಜೂನ್‌ವರೆಗೆ ನಡೆದ ಪೈಪೋಟಿಯನ್ನು, ಒಂದೊಂದೇ ರಾಜ್ಯವಾಗಿ ಮೊದಲಿನಿಂದ ಲೆಕ್ಕ ಹಾಕುವ ಕೆಲಸ ಕೊಟ್ಟಿದ್ದೇನೆ. ನಾಲ್ಕು ಡ್ರಾಯಿಂಗ್ ಶೀಟ್‌ಗಳನ್ನು ಅಂಟಿಸಿ ಒಂದೇ ಹಾಳೆ ಮಾಡಿದ್ದಾರೆ. ಒಬಾಮ ಅವರಿಗೆ ನೀಲಿ, ಕ್ಲಿಂಟನ್ ಅವರಿಗೆ ಹಸಿರು ಸ್ಕೆಚ್ ಪೆನ್.

ನಾವು ಹಿಡಿದ ದಾರಿ ಸರಳವಾಗಿತ್ತು. ರಾಜ್ಯದಲ್ಲಿ ಶೇ 15ಕ್ಕಿಂತ ಕಡಿಮೆ ಮತ ಪಡೆದವರನ್ನು ಬಿಟ್ಟು, ಉಳಿದವರ ನಡುವೆ ಆ ರಾಜ್ಯದ ಡೆಲಿಗೇಟ್‌ಗಳನ್ನು ಮತದ ಪ್ರಮಾಣದಲ್ಲಿ ಹಂಚುವುದು. ನ್ಯೂಜೆರ್ಸಿಯಲ್ಲಿ ಕ್ಲಿಂಟನ್ ಸುಮಾರು ಶೇ 54, ಒಬಾಮ ಶೇ 44. ಒಟ್ಟು 107 ಡೆಲಿಗೇಟ್‌ಗಳು. ನಮ್ಮ ಲೆಕ್ಕ 59–48 ಎಂದು ಬಂತು, ನಿಜವಾಗಿ ಹಂಚಿಕೆಯಾದದ್ದೂ 59–48. ಐಡಾಹೊದಲ್ಲಿ ಒಬಾಮ ಸುಮಾರು ಶೇ 80, ಕ್ಲಿಂಟನ್ ಶೇ 17, ಒಟ್ಟು 18. ಅಲ್ಲಿಯೂ ನಮ್ಮ 15–3 ಸರಿಹೊಂದಿತು. ಒಂದೇ ದಿನ, ಫೆಬ್ರುವರಿ 5ರಂದು, ದೊಡ್ಡ ರಾಜ್ಯವಾದ ನ್ಯೂಜೆರ್ಸಿಯನ್ನು ಗೆದ್ದು ಕ್ಲಿಂಟನ್ 11 ಡೆಲಿಗೇಟ್‌ಗಳ ಮುನ್ನಡೆ ಪಡೆದರೆ, ಸಣ್ಣ ಐಡಾಹೊವನ್ನು ಗೆದ್ದು ಒಬಾಮ 12ರ ಮುನ್ನಡೆ ಪಡೆದರು ಎಂದು ತಾವೇ ಲೆಕ್ಕ ಮಾಡಿ ಕಂಡಾಗ ವಿದ್ಯಾರ್ಥಿಗಳು ನಿಜಕ್ಕೂ ಬೆರಗಾದರು.

ತೊಡಕು ಬಂದದ್ದು ನೆವಾಡಾದಲ್ಲಿ. ಅಲ್ಲಿ ಕ್ಲಿಂಟನ್ ಶೇ 51, ಒಬಾಮ ಶೇ 45, ಒಟ್ಟು 25 ಡೆಲಿಗೇಟ್‌ಗಳು. ನಮ್ಮ ಲೆಕ್ಕದಂತೆ ಕ್ಲಿಂಟನ್ 13, ಒಬಾಮ 12 ಆಗಬೇಕು. ಆ ದಿನಗಳ ವರದಿಗಳಲ್ಲಿ ಮಾತ್ರ ಒಬಾಮ 13, ಕ್ಲಿಂಟನ್ 12 ಎಂದಿದೆ. ಮೂರು ಸಲ ಗುಣಿಸಿ ನೋಡಿದೆವು. ಟೆಕ್ಸಾಸ್‌ನಲ್ಲಿ ಪ್ರೈಮರಿ ಗೆದ್ದವರು ಕ್ಲಿಂಟನ್, ಆದರೆ ಕೊನೆಯ ಪಟ್ಟಿಯಲ್ಲಿ ಒಬಾಮ ಅವರಿಗೆ 99, ಕ್ಲಿಂಟನ್ ಅವರಿಗೆ 94 ಎಂದಿದೆ.

ಇನ್ನೊಂದು ಸಂದೇಹ. ಗೆಲ್ಲಲು ಬೇಕಾದ ಸಂಖ್ಯೆ 2,025 ಎಂದು ಒಬ್ಬ ವಿದ್ಯಾರ್ಥಿ ಬರೆದಿದ್ದಾನೆ, 2,118 ಎಂದು ಇನ್ನೊಬ್ಬಳು ಬರೆದಿದ್ದಾಳೆ, ಮತ್ತು ಇಬ್ಬರೂ ಅಂದಿನ ಪತ್ರಿಕೆಗಳಿಂದಲೇ ತೆಗೆದಿದ್ದಾರೆ. ಹಾಳೆಯ ಮೇಲೆ ಕೆಂಪು ಗೆರೆಯನ್ನು ಎಲ್ಲಿ ಎಳೆಯಬೇಕು? ಶನಿವಾರದ ತರಗತಿಗೆ ಮೊದಲು ತಿಳಿದವರು ತಿಳಿಸಿದರೆ ಉಪಕಾರವಾಗುತ್ತದೆ.


ಉಣಕಲ್ ಕೆರೆ, ಹುಬ್ಬಳ್ಳಿ

ಮೇಡಂ ಅವರೇ, ನಿಮ್ಮ ವಿದ್ಯಾರ್ಥಿಗಳ ಗುಣಾಕಾರದಲ್ಲಿ ತಪ್ಪಿಲ್ಲ. ನ್ಯೂಜೆರ್ಸಿ ಮತ್ತು ಐಡಾಹೊಗಳಲ್ಲಿ ಉತ್ತರ ಸರಿಬಂದದ್ದು ಮಾತ್ರ ಒಂದು ರೀತಿಯ ಅದೃಷ್ಟ, ಏಕೆಂದರೆ ಅಲ್ಲಿಯೂ ಲೆಕ್ಕ ನಡೆದದ್ದು ನೀವು ಮಾಡಿದ ಬಗೆಯಲ್ಲಿ ಅಲ್ಲ.

ಡೆಮಾಕ್ರಟಿಕ್ ಪಕ್ಷ ಒಂದು ರಾಜ್ಯದ ಡೆಲಿಗೇಟ್‌ಗಳನ್ನು ಒಂದೇ ರಾಶಿಯಾಗಿ ಇಟ್ಟು ಹಂಚುವುದಿಲ್ಲ. ರಾಜ್ಯಕ್ಕೆ ಸಿಕ್ಕ ಮೂಲ ಸಂಖ್ಯೆಯಲ್ಲಿ ಶೇ 75 ಭಾಗವನ್ನು ಕ್ಷೇತ್ರಗಳಿಗೆ, ಹೆಚ್ಚಿನ ರಾಜ್ಯಗಳಲ್ಲಿ ಸಂಸತ್ ಕ್ಷೇತ್ರಗಳಿಗೆ, ಹಂಚಿಬಿಡುತ್ತದೆ. ಉಳಿದ ಶೇ 25 ರಾಜ್ಯಮಟ್ಟದ್ದು. ಇದರ ಮೇಲೆ, ಮೂಲ ಸಂಖ್ಯೆಯ ಶೇ 15ರಷ್ಟು ಸ್ಥಾನಗಳು ಪಕ್ಷದ ಮುಖಂಡರಿಗೂ ಚುನಾಯಿತ ಪದಾಧಿಕಾರಿಗಳಿಗೂ ಮೀಸಲು, ಆದರೆ ಅವೂ ರಾಜ್ಯದ ಫಲಿತಾಂಶಕ್ಕೆ ಬದ್ಧವಾದವು. ಈ ಮೂರನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಿ, ಪ್ರತಿಯೊಂದನ್ನೂ ಪೂರ್ಣಾಂಕಕ್ಕೆ ತಂದು, ಆಮೇಲೆ ಕೂಡಬೇಕು. ಶೇ 15ರ ಮಿತಿಯೂ ಹಾಗೆಯೇ: ರಾಜ್ಯದಲ್ಲಿ ಅದನ್ನು ದಾಟದವರು ಒಂದು ಕ್ಷೇತ್ರದಲ್ಲಿ ದಾಟಿದರೆ ಆ ಕ್ಷೇತ್ರದ ಡೆಲಿಗೇಟ್ ಅವರಿಗೆ ಸಿಗುತ್ತದೆ.

ನೆವಾಡಾದಲ್ಲಿ ಕ್ಲಿಂಟನ್ ಮುಂದಿದ್ದದ್ದು ಲಾಸ್ ವೇಗಸ್ ಇರುವ ಕ್ಲಾರ್ಕ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದು). ಅಲ್ಲಿಯ ಕ್ಷೇತ್ರದ ಪಾಲು ಸಮಸಂಖ್ಯೆಯದಾಗಿತ್ತು, ಅಲ್ಪ ಅಂತರದ ಗೆಲುವಿಗೆ ಅದು ಸರಿಪಾಲಾಗಿಹೋಯಿತು. ಒಬಾಮ ಮುಂದಿದ್ದದ್ದು ಉತ್ತರದ ಮತ್ತು ಹಳ್ಳಿಗಾಡಿನ ಭಾಗದಲ್ಲಿ. ಅಲ್ಲಿಯದು ಬೆಸಸಂಖ್ಯೆ, ಆದ್ದರಿಂದ ಒಂದು ಹೆಚ್ಚಿನ ಡೆಲಿಗೇಟ್ ಅವರಿಗೆ ದಕ್ಕಿತು. ಮತ್ತೊಂದು ವಿಷಯವನ್ನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳಿರಿ: ನೀವು ಬಳಸಿದ ಶೇ 51 ಮತ್ತು 45 ಮತದಾರರ ಶೇಕಡಾವಾರು ಅಲ್ಲವೇ ಅಲ್ಲ. ನೆವಾಡಾ ಅಂದು ಪ್ರಕಟಿಸಿದ್ದು ಕಾಕಸ್‌ಗಳಲ್ಲಿ ಆಯ್ಕೆಯಾದ ಕೌಂಟಿ ಸಮಾವೇಶದ ಪ್ರತಿನಿಧಿಗಳ ಪ್ರಮಾಣವನ್ನು. ಅಯೋವಾದಲ್ಲಿಯೂ ಹೀಗೆಯೇ ಇತ್ತು. ಅಲ್ಲಿ ಇನ್ನೊಬ್ಬ ಸ್ಪರ್ಧಿ ಜಾನ್ ಎಡ್ವರ್ಡ್ಸ್ ಕೂದಲೆಳೆಯಷ್ಟು ಅಂತರದಲ್ಲಿ ಕ್ಲಿಂಟನ್ ಅವರಿಗಿಂತ ಮುಂದೆ, ಎರಡನೆಯ ಸ್ಥಾನದಲ್ಲಿದ್ದರು. ರಾಷ್ಟ್ರೀಯ ಡೆಲಿಗೇಟ್‌ಗಳ ಅಂದಾಜಿನಲ್ಲಿ ಮಾತ್ರ ಒಬಾಮ 16, ಕ್ಲಿಂಟನ್ 15, ಎಡ್ವರ್ಡ್ಸ್ 14.

ಟೆಕ್ಸಾಸ್ ಬೇರೆಯೇ ಕಥೆ. ಅಲ್ಲಿಯ 193 ಬದ್ಧ ಡೆಲಿಗೇಟ್‌ಗಳಲ್ಲಿ, ಅಂದರೆ ಮತದ ಫಲಿತಾಂಶಕ್ಕೆ ಬದ್ಧರಾದವರಲ್ಲಿ, 126 ಮಾರ್ಚ್ 4ರ ಪ್ರೈಮರಿಯಿಂದ ಬಂದವು, 67 ಅದೇ ರಾತ್ರಿ ಶುರುವಾದ ಕಾಕಸ್‌ಗಳಿಂದ. ಪ್ರೈಮರಿಯಲ್ಲಿ ಕ್ಲಿಂಟನ್ 65, ಒಬಾಮ 61. ಕಾಕಸ್‌ನಲ್ಲಿ ಒಬಾಮ 38, ಕ್ಲಿಂಟನ್ 29. ಕೂಡಿದರೆ ನಿಮ್ಮ 99–94. ಕ್ಷೇತ್ರಗಳೂ ಅಲ್ಲಿ ಸಂಸತ್ತಿನವಲ್ಲ, ರಾಜ್ಯ ಸೆನೆಟ್‌ನವು, ಮತ್ತು ಹಿಂದಿನ ಚುನಾವಣೆಗಳಲ್ಲಿ ಪಕ್ಷಕ್ಕೆ ಹೆಚ್ಚು ಮತ ಕೊಟ್ಟ ಕ್ಷೇತ್ರಕ್ಕೆ ಹೆಚ್ಚು ಡೆಲಿಗೇಟ್‌ಗಳಿದ್ದವು.

ಇನ್ನು ಕೆಂಪು ಗೆರೆ. ನಿಮ್ಮ ಇಬ್ಬರೂ ವಿದ್ಯಾರ್ಥಿಗಳು ಸರಿ, ಒಬ್ಬೊಬ್ಬರು ಒಂದೊಂದು ತಾರೀಖಿಗೆ. ಪಕ್ಷದ ವೇಳಾಪಟ್ಟಿಯನ್ನು ಮೀರಿ ಮಿಷಿಗನ್ ಜನವರಿ 15ರಂದು, ಫ್ಲಾರಿಡಾ ಜನವರಿ 29ರಂದು ಮತದಾನ ನಡೆಸಿದ್ದರಿಂದ ಆ ಎರಡೂ ರಾಜ್ಯಗಳ ಡೆಲಿಗೇಟ್‌ಗಳನ್ನು ಪಕ್ಷ ಪೂರ್ತಿ ರದ್ದು ಮಾಡಿತ್ತು. ಅವರನ್ನು ಬಿಟ್ಟು ಲೆಕ್ಕ ಹಾಕಿದಾಗ ಬಹುಮತಕ್ಕೆ 2,025. ಉಪಚುನಾವಣೆಯಲ್ಲಿ ಹೊಸ ಸಂಸದರು ಗೆದ್ದಂತೆ ಅವರೂ ಸೂಪರ್ ಡೆಲಿಗೇಟ್ (ಪ್ರೈಮರಿ, ಕಾಕಸ್‌ಗಳಿಂದಲ್ಲದೆ ತಮ್ಮ ಹುದ್ದೆಯಿಂದಲೇ ಡೆಲಿಗೇಟ್ ಆದವರು) ಆಗುತ್ತಿದ್ದರು, ಆದ್ದರಿಂದ ಆ ಸಂಖ್ಯೆ ಮೇ ತಿಂಗಳ ಹೊತ್ತಿಗೆ 2,026ಕ್ಕೆ ಬಂದಿತ್ತು. ಮೇ 31ರಂದು ಪಕ್ಷದ ನಿಯಮಗಳ ಸಮಿತಿ ಸೇರಿ ಎರಡೂ ರಾಜ್ಯಗಳ ಡೆಲಿಗೇಟ್‌ಗಳಿಗೆ ತಲಾ ಅರ್ಧ ಮತ ಕೊಟ್ಟಿತು. ಒಟ್ಟು ಮತಗಳು ಹೆಚ್ಚಾದವು, ಗೆರೆ 2,118ಕ್ಕೆ ಸರಿಯಿತು. ಮೂರು ದಿನ ಬಿಟ್ಟು, ಜೂನ್ 3ರಂದು, ಒಬಾಮ ಆ ಗೆರೆಯನ್ನು ದಾಟಿದರು. ಆದ್ದರಿಂದ ಹಾಳೆಯ ಮೇಲೆ ಒಂದೇ ನೇರ ಗೆರೆ ಎಳೆಯಬೇಡಿ. ಮೇ 31ರ ತನಕ ಕೆಳಗಿನ ಎತ್ತರದಲ್ಲಿ ಎಳೆದು, ಅಲ್ಲಿಂದ ಮೆಟ್ಟಿಲಿನಂತೆ ಮೇಲೆ ಏರಿಸಿರಿ.

ನಾನು ಇಷ್ಟು ಬಿಡಿಸಿ ಬರೆಯುವುದಕ್ಕೆ ಕಾರಣವಿದೆ. 2008ರಲ್ಲಿ ನಾನು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೆ. ಫೆಬ್ರುವರಿ 6ರ ಬೆಳಿಗ್ಗೆ ಆರೂವರೆಗೆ, ಅಂದರೆ ನ್ಯೂಜೆರ್ಸಿಯಲ್ಲಿ ರಾತ್ರಿ ಎಂಟಕ್ಕೆ ಮತದಾನ ಮುಗಿಯುವ ಹೊತ್ತಿಗೆ, ವಿದ್ಯಾನಗರದ ಒಂದು ಸೈಬರ್ ಕೆಫೆಯ ಬಾಗಿಲು ತೆಗೆಸಿ ಕುಳಿತಿದ್ದೆ; ಒಂಬತ್ತೂವರೆಗೆ ಕ್ಯಾಲಿಫೋರ್ನಿಯಾ ಮುಗಿಯುವಾಗ ತರಗತಿ ಶುರುವಾಗಿಹೋಗಿತ್ತು. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಅಂಕಿ ಬರೆಯುತ್ತಿದ್ದೆ. ಏಪ್ರಿಲ್ ಹೊತ್ತಿಗೆ ನನ್ನ ಮೊತ್ತ ಯಾವ ಪತ್ರಿಕೆಯ ಮೊತ್ತಕ್ಕೂ ಹೊಂದದಾಯಿತು. ಹಿಂದಕ್ಕೆ ಹೋಗಿ ನೋಡಿದಾಗ ತಿಳಿದದ್ದೇನೆಂದರೆ, ಒಂದು ವಾಹಿನಿಯ ಒಟ್ಟು ಸಂಖ್ಯೆಯನ್ನು ಬದ್ಧ ಡೆಲಿಗೇಟ್‌ಗಳ ಸಂಖ್ಯೆಯೆಂದು ತಿಳಿದು, ಅದರ ಮೇಲೆ ಇನ್ನೊಂದು ಪತ್ರಿಕೆಯಿಂದ ತೆಗೆದ ಸೂಪರ್ ಡೆಲಿಗೇಟ್‌ಗಳನ್ನು ಕೂಡಿಸುತ್ತ ಬಂದಿದ್ದೆ. ವಾಹಿನಿಯ ಸಂಖ್ಯೆಯಲ್ಲಿ ಸೂಪರ್ ಡೆಲಿಗೇಟ್‌ಗಳು ಆಗಲೇ ಸೇರಿದ್ದರು. ಎರಡು ತಿಂಗಳ ಲೆಕ್ಕವನ್ನು ಹೊಡೆದುಹಾಕಿ ಮತ್ತೆ ಬರೆಯಬೇಕಾಯಿತು.

ಅಂದಿನಿಂದ ನಾನು ಪ್ರತಿ ಅಂಕಿಯ ಪಕ್ಕದಲ್ಲಿ ಮೂರು ಸಂಗತಿ ಬರೆಯುತ್ತೇನೆ: ಯಾವ ತಾರೀಖು, ಯಾವ ಬಗೆಯ ಡೆಲಿಗೇಟ್, ಮತ್ತು ಅದು ಆಯ್ಕೆ ಮುಗಿದ ಮೇಲಿನ ಅಂಕಿಯೋ ಅಂದಾಜೋ. ದ ಗ್ರೀನ್ ಪೇಪರ್ಸ್ ಎಂಬ ಹಳೆಯ ಅಮೆರಿಕನ್ ಜಾಲತಾಣ ಇದನ್ನೇ ಗಟ್ಟಿ ಲೆಕ್ಕ, ಮೆತ್ತನೆಯ ಲೆಕ್ಕ ಎಂದು ಎರಡು ಕಾಲಂ ಮಾಡಿ ಕೊಡುತ್ತದೆ. ಕಾಕಸ್ ರಾತ್ರಿ ಆಯ್ಕೆಯಾಗುವವರು ಕೌಂಟಿ ಸಮಾವೇಶಕ್ಕೆ ಹೋಗುವವರಷ್ಟೆ. ರಾಷ್ಟ್ರೀಯ ಡೆಲಿಗೇಟ್ ಯಾರೆಂಬುದು ಅಲ್ಲಿಂದ ಕ್ಷೇತ್ರ, ರಾಜ್ಯ ಸಮಾವೇಶಗಳನ್ನು ದಾಟಿದ ಮೇಲೆ ತೀರ್ಮಾನವಾಗುತ್ತದೆ. ಜನವರಿಯ ಅಂಕಿಯನ್ನು ಶಾಯಿಯಲ್ಲಿ ಬರೆದರೆ ಮೇ ತಿಂಗಳಲ್ಲಿ ಅಳಿಸಬೇಕಾಗುತ್ತದೆ. ಎಡ್ವರ್ಡ್ಸ್ ಜನವರಿ 30ರಂದು ಸ್ಪರ್ಧೆಯಿಂದ ಹಿಂದೆ ಸರಿದ ಮೇಲೆ ಅಯೋವಾದ ಕೌಂಟಿ ಸಮಾವೇಶಗಳಲ್ಲಿ ಅವರ ಬೆಂಬಲಿಗರು ಹಲವರು ಒಬಾಮ ಕಡೆಗೆ ಬಂದರು, ಆ 16–15–14 ಅಲ್ಲಿಗೇ ಹಳೆಯದಾಯಿತು.


ರಾಣೆಬೆನ್ನೂರಿನ ಗಣಿತ ಮೇಷ್ಟ್ರು, ಹಾವೇರಿ ಜಿಲ್ಲೆ

ಉಣಕಲ್ ಕೆರೆಯವರು ಸಮ–ಬೆಸ ಎಂದು ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗಿದ್ದಾರೆ. ವಿದ್ಯಾರ್ಥಿಗಳಿಗೆ ಅದನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸದಿದ್ದರೆ ಮನಸ್ಸಿಗೆ ಹತ್ತುವುದಿಲ್ಲ, ಆದ್ದರಿಂದ ನಾನು ಅಷ್ಟು ಭಾಗವನ್ನು ಮಾತ್ರ ಬರೆಯುತ್ತೇನೆ.

ಇಬ್ಬರೇ ಅಭ್ಯರ್ಥಿಗಳು, ಕ್ಷೇತ್ರಕ್ಕೆ ನಾಲ್ಕು ಡೆಲಿಗೇಟ್‌ಗಳು ಎಂದುಕೊಳ್ಳಿರಿ. ಒಬ್ಬರಿಗೆ ಶೇ 62 ಬಂದರೆ ನಾಲ್ಕರಲ್ಲಿ ಅವರ ಪಾಲು 2.48, ಇನ್ನೊಬ್ಬರದು 1.52. ಪೂರ್ಣಾಂಕಗಳನ್ನು ಮೊದಲು ಕೊಟ್ಟರೆ 2 ಮತ್ತು 1 ಆಗುತ್ತದೆ, ಉಳಿದ ಒಂದು ಡೆಲಿಗೇಟ್ ದೊಡ್ಡ ಶೇಷ ಇರುವವರಿಗೆ ಹೋಗುತ್ತದೆ. 0.52 ದೊಡ್ಡದು. ಹೀಗೆ ಶೇ 62 ಪಡೆದವರಿಗೂ ಎರಡು, ಶೇ 38 ಪಡೆದವರಿಗೂ ಎರಡು. ಶೇ 62.5 ದಾಟಿದ ಮೇಲಷ್ಟೇ 3–1 ಆಗುತ್ತದೆ. ಅದೇ ಕ್ಷೇತ್ರಕ್ಕೆ ಐದು ಡೆಲಿಗೇಟ್‌ಗಳಿದ್ದರೆ ಒಂದೇ ಒಂದು ಮತದ ಮುನ್ನಡೆಗೂ 3–2. ಆದರೆ ಅಲ್ಲಿಂದ 4–1ಕ್ಕೆ ಹೋಗಬೇಕಾದರೆ ಶೇ 70 ಬೇಕು. ಆರು ಇದ್ದರೆ 4–2 ಆಗಲು ಶೇ 58.33 ದಾಟಬೇಕು. ಪ್ರಚಾರದ ಹಣವನ್ನೂ ಸಮಯವನ್ನೂ ಎಲ್ಲಿ ಹಾಕಬೇಕೆಂದು ಅಭ್ಯರ್ಥಿಗಳ ಕಚೇರಿಗಳು ತೀರ್ಮಾನಿಸುವುದು ಇದೇ ಅಂಕಗಣಿತದ ಮೇಲೆ. ಶೇ 55 ಸಿಗುವ ನಾಲ್ಕು ಡೆಲಿಗೇಟ್‌ಗಳ ಕ್ಷೇತ್ರದಲ್ಲಿ ಎಷ್ಟು ದುಡಿದರೂ ಫಲ 2–2 ಎಂದಾದರೆ, ಶೇ 49ರಲ್ಲಿ ನಿಂತ ಐದು ಡೆಲಿಗೇಟ್‌ಗಳ ಕ್ಷೇತ್ರಕ್ಕೆ ಹೋಗುವುದೇ ವಿವೇಕ.

ಮೂವರು ಇದ್ದಾಗ ಶೇ 15ರ ಮಿತಿ ಆಟವನ್ನೇ ಬದಲಿಸುತ್ತದೆ. ಐದು ಡೆಲಿಗೇಟ್‌ಗಳ ಕ್ಷೇತ್ರದಲ್ಲಿ ಮತ ಶೇ 46, 36, 18 ಎಂದು ಬಂದರೆ ಪಾಲು 2.3, 1.8, 0.9. ಪೂರ್ಣಾಂಕಗಳು 2, 1, 0. ಉಳಿದ ಎರಡು ಡೆಲಿಗೇಟ್‌ಗಳು 0.9 ಮತ್ತು 0.8 ಶೇಷ ಇರುವವರಿಗೆ. ಫಲ 2–2–1. ಹತ್ತು ಅಂಶ ಮುಂದಿದ್ದವರಿಗೂ ಹಿಂದಿದ್ದವರಿಗೂ ಸಮಪಾಲು. ಅದೇ ಮತ ಶೇ 48, 38, 14 ಎಂದಾಗಿದ್ದರೆ ಮೂರನೆಯವರು ಲೆಕ್ಕದಿಂದಲೇ ಹೊರಗೆ. ಉಳಿದ 86ರಲ್ಲಿ 48ರ ಪಾಲು ಶೇ 55.81, ಐದಕ್ಕೆ ಗುಣಿಸಿದರೆ 2.79, ಇನ್ನೊಬ್ಬರದು 2.21. ಫಲ 3–2. ಮೂರನೆಯವರ ನಾಲ್ಕು ಅಂಶ ಜಾರಿದ್ದು ಮೊದಲನೆಯವರಿಗೆ ಒಂದು ಡೆಲಿಗೇಟ್ ತಂದುಕೊಟ್ಟಿತು.

ಒಂದು ಎಚ್ಚರಿಕೆ. ವಿದ್ಯಾರ್ಥಿಗಳು ಶೇಕಡಾವಾರನ್ನು ಮೊದಲೇ ದುಂಡು ಮಾಡಿಕೊಂಡು ಗುಣಿಸಬಾರದು. ಶೇಷಗಳು ಹತ್ತಿರ ಹತ್ತಿರ ಇದ್ದಾಗ ಎರಡನೆಯ ದಶಾಂಶ ಸ್ಥಾನದಲ್ಲಿ ಡೆಲಿಗೇಟ್ ಕೈಬದಲಾಗಿಬಿಡುತ್ತದೆ. ಮತಗಳ ಸಂಖ್ಯೆ ಸಿಗುವಲ್ಲಿ ಆ ಸಂಖ್ಯೆಯಿಂದಲೇ ಶುರು ಮಾಡಲಿ.


ನಿವೃತ್ತ ಸೊಸಾಯಿಟಿ ಕಾರ್ಯದರ್ಶಿ, ಗದಗ ಜಿಲ್ಲೆ

ಮೇಡಂ ಅವರೇ, ನಾನು ಮೂವತ್ತೊಂದು ವರ್ಷ ಒಂದು ಹಳ್ಳಿಯ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದವನು. ಅಮೆರಿಕದ ರಾಜಕೀಯವನ್ನು ನಾನು ಪುಸ್ತಕದಿಂದ ಓದಿದವನಲ್ಲ. ಮಗ ಅಲ್ಲಿದ್ದಾನೆ, ಅವನ ಮನೆಯಲ್ಲಿ 2016ರ ಪೂರ್ತಿ ಬೇಸಿಗೆ ಟಿ.ವಿ. ಮುಂದೆ ಕುಳಿತು ನೋಡಿದ್ದೇನೆ. ನೋಡುತ್ತಿದ್ದಾಗ ನನಗೆ ನಮ್ಮ ಡೆಲಿಗೇಟ್ ಠರಾವೇ ಕಣ್ಣ ಮುಂದೆ ಬರುತ್ತಿತ್ತು.

1905ರಲ್ಲಿ ನಮ್ಮ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಕಾಲದಿಂದ ಈ ಭಾಗದವರಿಗೆ ಸಂಘದ ಚುನಾವಣೆ ಹೊಸದಲ್ಲ. ಮೇಲಿನ ಸಂಸ್ಥೆಯ ಆಡಳಿತ ಮಂಡಳಿಗೆ ಚುನಾವಣೆ ಬಂದರೆ ಪ್ರತಿ ಹಳ್ಳಿಯ ಸಂಘವೂ ಸಭೆ ಸೇರಿ ಒಬ್ಬರನ್ನು ಡೆಲಿಗೇಟ್ ಎಂದು ಠರಾವು ಮಾಡಿ ಕಳಿಸುತ್ತದೆ. ಠರಾವು ಬರೆದವನು ನಾನೇ, ಎಷ್ಟೋ ಸಲ. ಅದರಲ್ಲಿ ಡೆಲಿಗೇಟ್‌ನ ಹೆಸರು ಇರುತ್ತದೆ, ತಂದೆಯ ಹೆಸರು ಇರುತ್ತದೆ, ಸೂಚಕರು ಅನುಮೋದಕರು ಇರುತ್ತಾರೆ. ಯಾರಿಗೆ ಮತ ಹಾಕಬೇಕು ಎಂಬ ಮಾತು ಎಲ್ಲಿಯೂ ಇರುವುದಿಲ್ಲ. ಒಂದು ಚುನಾವಣೆಯಲ್ಲಿ ನಮ್ಮ ಸಂಘದ ಸದಸ್ಯರೆಲ್ಲ ಒಬ್ಬ ಅಭ್ಯರ್ಥಿಯ ಕಡೆ ಇದ್ದರು, ಅವರೇ ಆರಿಸಿ ಕಳಿಸಿದ ಮನುಷ್ಯ ಎಂಟು ದಿನ ಊರಲ್ಲಿ ಕಾಣಲಿಲ್ಲ, ಮತದಾನದ ದಿನ ಬೇರೆಯವರ ಜೀಪಿನಿಂದ ಇಳಿದ. ಊರಿನ ಮನಸ್ಸು ಒಂದು, ಪೆಟ್ಟಿಗೆಗೆ ಬಿದ್ದ ಮತ ಇನ್ನೊಂದು. ಆ ಸಂಜೆ ಚಾವಡಿಯ ಕಟ್ಟೆಯ ಮೇಲೆ ಕುಳಿತ ಹಿರಿಯರ ಮುಖ ನನಗೆ ಇನ್ನೂ ನೆನಪಿದೆ.

ನಿಮ್ಮ ಹಾಳೆಯ ಮೇಲಿನ ಅಂಕಿಯ ಹಿಂದೆ ಹೀಗೆ ಒಬ್ಬ ಮನುಷ್ಯ ಇದ್ದಾನೆ, ಅವನನ್ನು ಯಾರು ಆರಿಸಿದರು ಎಂಬುದಕ್ಕೂ ಒಂದು ಕಾಲಂ ಬೇಕು ಎಂಬುದು ನನ್ನ ಅಭಿಪ್ರಾಯ. 2016ರ ರಿಪಬ್ಲಿಕನ್ ಪಕ್ಷದ ಸ್ಪರ್ಧೆಯಲ್ಲಿ ಒಟ್ಟು 2,472 ಡೆಲಿಗೇಟ್‌ಗಳು, ಗೆಲ್ಲಲು 1,237. ಪೆನ್ಸಿಲ್ವೇನಿಯಾದ 71 ಡೆಲಿಗೇಟ್‌ಗಳಲ್ಲಿ ರಾಜ್ಯದ ಮತಕ್ಕೆ ಬದ್ಧರಾದವರು 17 ಮಂದಿ ಮಾತ್ರ. ಉಳಿದ 54 ಮಂದಿಯನ್ನು ಹದಿನೆಂಟು ಕ್ಷೇತ್ರಗಳಲ್ಲಿ ತಲಾ ಮೂವರಂತೆ ಜನರೇ ಹೆಸರು ನೋಡಿ ಆರಿಸಿದರು, ಆದರೆ ಮತಪತ್ರದಲ್ಲಿ ಆ ಹೆಸರಿನವರು ಯಾವ ಅಭ್ಯರ್ಥಿಯ ಕಡೆಯವರೆಂದು ಬರೆದೇ ಇರಲಿಲ್ಲ. ಅಂಥ ರಾಜ್ಯವನ್ನು ಯಾವ ಬಣ್ಣದಲ್ಲಿ ತುಂಬುತ್ತೀರಿ? 2012ರಲ್ಲಿ ಅದೇ ಪಕ್ಷದ ಅಯೋವಾ ಕಾಕಸ್ ಇನ್ನೂ ದೊಡ್ಡ ಪಾಠ. ಆ ರಾತ್ರಿ ಮಿಟ್ ರಾಮ್ನಿ ಎಂಟು ಮತಗಳಿಂದ ಮುಂದೆ ಎಂದರು. ಎರಡು ವಾರ ಬಿಟ್ಟು ರಿಕ್ ಸ್ಯಾಂಟೊರಮ್ 34 ಮತಗಳಿಂದ ಮುಂದೆ ಎಂದರು. ಆಗಸ್ಟ್‌ನಲ್ಲಿ ಸಮಾವೇಶಕ್ಕೆ ಹೋದ 28 ಡೆಲಿಗೇಟ್‌ಗಳಲ್ಲಿ 22 ಮಂದಿ ಮತ ಹಾಕಿದ್ದು, ಮತದಾರರು ಮೂರನೆಯ ಸ್ಥಾನದಲ್ಲಿಟ್ಟಿದ್ದ ರಾನ್ ಪಾಲ್ ಅವರಿಗೆ. ಕೌಂಟಿ ಸಭೆ, ಜಿಲ್ಲಾ ಸಭೆ, ರಾಜ್ಯ ಸಭೆಗಳಲ್ಲಿ ಕೊನೆಯ ತನಕ ಕುಳಿತವರು ಅವರ ಬೆಂಬಲಿಗರು.

1976ರಲ್ಲಿ ಜೆರಾಲ್ಡ್ ಫೋರ್ಡ್ ಅಧ್ಯಕ್ಷ ಪದವಿಯಲ್ಲಿ ಇದ್ದುಕೊಂಡೇ ರೊನಾಲ್ಡ್ ರೇಗನ್ ವಿರುದ್ಧ ಪಕ್ಷದೊಳಗೆ ಸೆಣಸಬೇಕಾಯಿತು. ಪ್ರೈಮರಿಗಳು ಮುಗಿದಾಗ ಇಬ್ಬರಿಗೂ ಬಹುಮತದ 1,130 ಇರಲಿಲ್ಲ. ಮನಸ್ಸು ಮಾಡದ ಡೆಲಿಗೇಟ್‌ಗಳನ್ನು ಫೋರ್ಡ್ ಶ್ವೇತಭವನಕ್ಕೆ ಕರೆಸಿಕೊಂಡು ಮಾತನಾಡಿಸಿದರು. ಕೊನೆಗೆ ಕನ್ಸಾಸ್ ಸಿಟಿಯ ಸಮಾವೇಶದಲ್ಲಿ 1,187–1,070. ನಮ್ಮ ಡೆಲಿಗೇಟ್‌ಗೆ ಜೀಪು, ಅವರ ಡೆಲಿಗೇಟ್‌ಗೆ ಶ್ವೇತಭವನ. ಆದ್ದರಿಂದ ಸಮಾವೇಶದಲ್ಲಿ ಹೆಸರು ಕರೆದು ಮತ ಹೇಳುವ ತನಕ ಬರುವ ಎಲ್ಲ ಮೊತ್ತಗಳನ್ನೂ ಪೆನ್ಸಿಲಿನಲ್ಲಿ ಬರೆಯಿರಿ ಎಂದು ನಾನು ಹೇಳುತ್ತೇನೆ. ಕಿರ್ದಿ ಪುಸ್ತಕ ಬೇರೆ, ವರ್ಷಾಂತ್ಯದ ತಾಳೆಪಟ್ಟಿ ಬೇರೆ.


ಸಪ್ತಾಪುರದ ಅಧ್ಯಾಪಕಿ, ಧಾರವಾಡ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ಸಂಜೆ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ನೆವಾಡಾದ ಸಾಲನ್ನು ಮೂರು ಸಾಲುಗಳಾಗಿ ಒಡೆದೆವು, ಕ್ಷೇತ್ರದ ಪಾಲು, ರಾಜ್ಯದ ಪಾಲು, ಮುಖಂಡರ ಪಾಲು ಎಂದು. ಮೇಷ್ಟ್ರ ನಾಲ್ಕು–ಐದು ಡೆಲಿಗೇಟ್‌ಗಳ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿದಾಗ, ತಂಡದಲ್ಲಿ ಎಲ್ಲಕ್ಕಿಂತ ಕಡಿಮೆ ಮಾತನಾಡುವ ಹುಡುಗಿ ಎದ್ದುನಿಂತು, ಹಾಗಾದರೆ ಒಂದು ಕ್ಷೇತ್ರಕ್ಕೆ ಸಮಸಂಖ್ಯೆ ಕೊಡಬೇಕೋ ಬೆಸಸಂಖ್ಯೆ ಕೊಡಬೇಕೋ ಎಂದು ತೀರ್ಮಾನಿಸುವವರ ಕೈಯಲ್ಲಿ ಬಹಳ ಅಧಿಕಾರ ಇದೆಯಲ್ಲ ಎಂದು ಕೇಳಿದಳು. ಆ ಪ್ರಶ್ನೆ ಪಠ್ಯಪುಸ್ತಕದಲ್ಲಿ ಇಲ್ಲ.

ಹಿರಿಯರಾದ ಕಾರ್ಯದರ್ಶಿಗಳ ಮಾತು ನನ್ನನ್ನು ತಟ್ಟಿತು, ಆದರೆ ಒಂದು ಅನುಮಾನ ಉಳಿದಿದೆ. ಎಲ್ಲವೂ ಪೆನ್ಸಿಲಿನ ಅಂಕಿಗಳೇ ಆದರೆ ಜೂನ್ ತಿಂಗಳಲ್ಲೇ ಒಬ್ಬರನ್ನು ವಿಜೇತರೆಂದು ಜಗತ್ತು ಹೇಗೆ ಒಪ್ಪುತ್ತದೆ? ಜೊತೆಗೆ ಸೂಪರ್ ಡೆಲಿಗೇಟ್‌ಗಳನ್ನು ಅದೇ ಕಂಬದ ಮೇಲೆ ಕೂಡಿಸಿ ತೋರಿಸುವುದು ಸರಿಯೇ? 2016ರ ಡೆಮಾಕ್ರಟಿಕ್ ಸ್ಪರ್ಧೆಯಲ್ಲಿ, ನ್ಯೂಹ್ಯಾಂಪ್‌ಶೈರ್‌ನಲ್ಲಿ, ಕ್ಲಿಂಟನ್ ಅವರ ಎದುರಾಳಿ ಬರ್ನಿ ಸ್ಯಾಂಡರ್ಸ್ ಶೇ 60ರಷ್ಟು ಮತ ಪಡೆದು 15 ಡೆಲಿಗೇಟ್‌ಗಳನ್ನು ಗೆದ್ದರೆ, 9 ಗೆದ್ದ ಕ್ಲಿಂಟನ್ ಅವರಿಗೆ ಆರು ಸೂಪರ್ ಡೆಲಿಗೇಟ್‌ಗಳು ಸೇರಿ 15–15 ಎಂದು ಕೆಲವು ಪಟ್ಟಿಗಳು ತೋರಿಸಿದ್ದನ್ನು ವಿದ್ಯಾರ್ಥಿಗಳು ಹುಡುಕಿ ತಂದಿದ್ದಾರೆ.


ಉಣಕಲ್ ಕೆರೆ, ಹುಬ್ಬಳ್ಳಿ

ಆ 15–15 ನೋಡಿದ ಮತದಾರನಿಗೆ ತನ್ನ ಮತ ಎಲ್ಲಿ ಹೋಯಿತು ಎಂದು ಅನ್ನಿಸದೆ ಇರುವುದಿಲ್ಲ, ಮತ್ತು ಆ ಅನಿಸಿಕೆ ನ್ಯಾಯವಾದದ್ದೇ. ಬದ್ಧ ಡೆಲಿಗೇಟ್ ಮತದಿಂದ ಹುಟ್ಟಿದವರು. ಸೂಪರ್ ಡೆಲಿಗೇಟ್ ಸಂಸದರೋ, ರಾಜ್ಯಪಾಲರೋ, ಪಕ್ಷದ ರಾಷ್ಟ್ರೀಯ ಸಮಿತಿಯ ಸದಸ್ಯರೋ ಆದ್ದರಿಂದ ಆ ಸ್ಥಾನ ಪಡೆದವರು, ಅವರ ಬೆಂಬಲ ಎಂಬುದು ವರದಿಗಾರರು ಫೋನ್ ಮಾಡಿ ಕೇಳಿ ಬರೆದುಕೊಂಡ ಮಾತು. ಇವೆರಡನ್ನೂ ಒಂದೇ ಕಂಬದಲ್ಲಿ ಕೂಡಿಸಬೇಡಿ ಎಂಬುದು ನನ್ನ ಖಚಿತ ಸಲಹೆ. ಎರಡು ಕಂಬಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿರಿ. 2016ರ ಜೂನ್ 6ರಂದು, ಕ್ಯಾಲಿಫೋರ್ನಿಯಾದ ಮತದಾನಕ್ಕೆ ಒಂದು ದಿನ ಮೊದಲು, ಅಸೋಸಿಯೇಟೆಡ್ ಪ್ರೆಸ್ ಕ್ಲಿಂಟನ್ ಗೆರೆ ದಾಟಿದರೆಂದು ಘೋಷಿಸಿದ್ದು ಇಂಥ ಫೋನ್ ಸಮೀಕ್ಷೆಯನ್ನು ಸೇರಿಸಿಕೊಂಡೇ. ಅಸಮಾಧಾನ ದೊಡ್ಡದಾಯಿತು. 2018ರಲ್ಲಿ ಪಕ್ಷ ನಿಯಮ ಬದಲಿಸಿ, ಪೈಪೋಟಿ ಇರುವ ಸಮಾವೇಶದ ಮೊದಲ ಸುತ್ತಿನಲ್ಲಿ ಸೂಪರ್ ಡೆಲಿಗೇಟ್‌ಗಳ ಮತ ಲೆಕ್ಕಕ್ಕಿಲ್ಲ ಎಂದಿತು. ಆದ್ದರಿಂದ 2020ರಲ್ಲಿ ಎಲ್ಲರೂ ನೋಡಿದ್ದು ಒಂದೇ ಸಂಖ್ಯೆ, 3,979 ಬದ್ಧ ಡೆಲಿಗೇಟ್‌ಗಳಲ್ಲಿ 1,991.

ಕಾರ್ಯದರ್ಶಿ ಹಿರಿಯರ ಮಾತನ್ನು ನಾನು ಗೌರವದಿಂದಲೇ ಅರ್ಧ ಒಪ್ಪುತ್ತೇನೆ. ಡೆಮಾಕ್ರಟಿಕ್ ಪಕ್ಷದ ನಿಯಮ ಬದ್ಧ ಡೆಲಿಗೇಟ್‌ಗೆ ಹೇಳುವುದು, ತನ್ನನ್ನು ಆರಿಸಿದವರ ಮನಸ್ಸನ್ನು ಶುದ್ಧ ಅಂತಃಕರಣದಿಂದ ಪ್ರತಿಬಿಂಬಿಸಬೇಕು ಎಂದಷ್ಟೇ. ಆದರೂ ವ್ಯವಹಾರದಲ್ಲಿ ಆ ಅಂಕಿ ಗಟ್ಟಿಯಾಗಿ ನಿಲ್ಲುತ್ತದೆ, ಏಕೆಂದರೆ ಡೆಲಿಗೇಟ್ ಆಗಲು ನಿಂತವರ ಪಟ್ಟಿಯನ್ನು ನೋಡಿ ಬೇಡದವರನ್ನು ತೆಗೆಯುವ ಹಕ್ಕು ಅಭ್ಯರ್ಥಿಯ ಕಡೆಯವರಿಗೆ ಇರುತ್ತದೆ. ನಿಮ್ಮ ಊರಿನ ಜೀಪಿನ ಮನುಷ್ಯ ಅಲ್ಲಿ ಪಟ್ಟಿಯ ಹಂತದಲ್ಲೇ ಬಿದ್ದುಹೋಗುತ್ತಿದ್ದ. ಜೂನ್ ತಿಂಗಳಲ್ಲಿ ಜಗತ್ತು ಒಪ್ಪುವುದು ಈ ಕಾರಣಕ್ಕೆ. ಹಿರಿಯರ ಪೆನ್ಸಿಲ್ ಬೇಕಾಗುವುದು ಅಪರೂಪಕ್ಕೆ, ಆದರೆ ಬೇಕಾದಾಗ ಪೂರ್ತಿ ಬೇಕಾಗುತ್ತದೆ: 2024ರ ಜುಲೈ 21ರಂದು ಜೋ ಬೈಡನ್ ಹಿಂದೆ ಸರಿದಾಗ ಅವರಿಗೆ ಬದ್ಧರಾಗಿದ್ದ ಸಾವಿರಾರು ಡೆಲಿಗೇಟ್‌ಗಳು ಒಂದೇ ದಿನದಲ್ಲಿ ಮುಕ್ತರಾದರು, ಎರಡು ವಾರಗಳಲ್ಲಿ ಕಮಲಾ ಹ್ಯಾರಿಸ್ ಅಭ್ಯರ್ಥಿಯಾದರು.

ರಿಪಬ್ಲಿಕನ್ ಪಕ್ಷದ ಹಾಳೆಯನ್ನು ಮುಂದೆ ಎಂದಾದರೂ ಮಾಡಿಸುವುದಾದರೆ ಹಂಚಿಕೆಯ ನಿಯಮವನ್ನು ರಾಜ್ಯ ರಾಜ್ಯಕ್ಕೂ ಬೇರೆಯಾಗಿ ಓದಬೇಕಾಗುತ್ತದೆ. 2016ರ ದಕ್ಷಿಣ ಕ್ಯಾರೊಲಿನಾದಲ್ಲಿ ಡೊನಾಲ್ಡ್ ಟ್ರಂಪ್ ಶೇ 32.5 ಮತಕ್ಕೆ 50ಕ್ಕೆ 50 ಡೆಲಿಗೇಟ್‌ಗಳನ್ನೂ ಪಡೆದರು.


ನಿವೃತ್ತ ಸೊಸಾಯಿಟಿ ಕಾರ್ಯದರ್ಶಿ, ಗದಗ ಜಿಲ್ಲೆ

ಪಟ್ಟಿಯಿಂದ ತೆಗೆಯುವ ಹಕ್ಕಿನ ವಿಷಯ ನನಗೆ ತಿಳಿದಿರಲಿಲ್ಲ, ತಿಳಿಸಿದ್ದಕ್ಕೆ ಸಂತೋಷ. ಆದರೂ 2008ರ ಹಾಳೆಯ ಕೊನೆಯ ಸಾಲನ್ನು ಹೇಗೆ ಬರೆಯುತ್ತೀರಿ ಎಂದು ಕೇಳಬೇಕೆನಿಸುತ್ತದೆ. ಆಗಸ್ಟ್ 27ರಂದು ಡೆನ್ವರ್‌ನ ಸಮಾವೇಶದಲ್ಲಿ ರಾಜ್ಯಗಳ ಹೆಸರು ಕರೆಯುತ್ತ ನ್ಯೂಯಾರ್ಕ್ ಸರದಿ ಬಂದಾಗ ಕ್ಲಿಂಟನ್ ಅವರೇ ಎದ್ದು, ಎಣಿಕೆಯನ್ನು ಅಲ್ಲಿಗೇ ನಿಲ್ಲಿಸಿ ಒಬಾಮ ಅವರನ್ನು ಒಕ್ಕೊರಲಿನಿಂದ ಆರಿಸೋಣ ಎಂದು ಸೂಚಿಸಿದರು. ಸಭೆ ಒಪ್ಪಿತು. ತಾಳೆಪಟ್ಟಿ ಅರ್ಧಕ್ಕೆ ನಿಂತುಬಿಟ್ಟಿತಲ್ಲ.


ಸಪ್ತಾಪುರದ ಅಧ್ಯಾಪಕಿ, ಧಾರವಾಡ

ಹಿರಿಯರೇ, ಆ ಸಾಲನ್ನು ಖಾಲಿ ಬಿಟ್ಟು, ನೀವು ಹೇಳಿದ ಸಂಗತಿಯನ್ನು ಅದರ ಕೆಳಗೆ ವಾಕ್ಯವಾಗಿ ಬರೆಸುತ್ತೇನೆ. ಮೆಟ್ಟಿಲಿನ ಗೆರೆಯನ್ನು ಇಂದು ಎಳೆದಾಯಿತು. ಸೂಪರ್ ಡೆಲಿಗೇಟ್‌ಗಳ ಕಂಬ ಪಕ್ಕದಲ್ಲಿ ಬೇರೆಯಾಗಿ, ಬರೀ ಪೆನ್ಸಿಲಿನಲ್ಲಿ ನಿಂತಿದೆ. ಫ್ಲಾರಿಡಾದ ಸಾಲಿನಲ್ಲಿ ಕ್ಲಿಂಟನ್ 52.5, ಒಬಾಮ 33.5, ಎಡ್ವರ್ಡ್ಸ್ 6.5 ಎಂದು ಬರೆಯುವಾಗ, ಒಬ್ಬ ಮನುಷ್ಯನನ್ನು ಅರ್ಧ ಎಂದು ಬರೆಯುವುದು ಹೇಗೆ ಎಂದು ಹುಡುಗರು ತಡೆದರು.


ರಾಣೆಬೆನ್ನೂರಿನ ಗಣಿತ ಮೇಷ್ಟ್ರು, ಹಾವೇರಿ ಜಿಲ್ಲೆ

ತಲೆಯ ಲೆಕ್ಕ ಬೇರೆ, ಮತದ ಲೆಕ್ಕ ಬೇರೆ ಎಂದು ಅವರಿಗೆ ಹೇಳಿರಿ. ನಮ್ಮ ರಾಷ್ಟ್ರಪತಿ ಚುನಾವಣೆಯಲ್ಲಿ ಕರ್ನಾಟಕದ ಒಬ್ಬ ಶಾಸಕರ ಮತದ ಮೌಲ್ಯ 131. ಅಲ್ಲಿ ಒಬ್ಬರ ಮತ 131 ಆಗಬಹುದಾದರೆ ಇಲ್ಲಿ ಅರ್ಧ ಆಗಲೂಬಹುದು. ಫ್ಲಾರಿಡಾದಲ್ಲಿ ಕ್ಲಿಂಟನ್ ಪರ ಇದ್ದ ತಲೆಗಳು 105, ಮತ 52.5. ಮಿಷಿಗನ್‌ನಲ್ಲಿ ಕ್ಲಿಂಟನ್ ಅವರಿಗೆ 69, ಒಬಾಮ ಅವರಿಗೆ 59 ತಲೆಗಳು, ಮತ 34.5 ಮತ್ತು 29.5. ಗುವಾಮ್ ದ್ವೀಪಕ್ಕೆ ಯಾವ ಶಿಕ್ಷೆಯೂ ಇರಲಿಲ್ಲ, ಆದರೂ ಅಲ್ಲಿ ಎಂಟು ಡೆಲಿಗೇಟ್‌ಗಳಿಗೆ ನಿಯಮದಂತೆಯೇ ತಲಾ ಅರ್ಧ ಮತ. ಒಬಾಮ ಅಲ್ಲಿ ಏಳೇ ಏಳು ಮತಗಳಿಂದ ಮುಂದೆ ಬಂದರು, ಹಂಚಿಕೆ 2–2 ಆಯಿತು. ತಲೆಗೆ ಒಂದು ಕಾಲಂ, ಮತಕ್ಕೆ ಒಂದು ಕಾಲಂ ಹಾಕಿಸಿರಿ, ಮತದ ಕಾಲಂನಲ್ಲಿ ಒಂದು ದಶಾಂಶ ಸ್ಥಾನಕ್ಕೆ ಜಾಗ ಬಿಟ್ಟಿರಲಿ.